ಕೆಂಡಗಣ್ಣಮ್ಮನಿಗೆ ಹೂಂ ಅಂದವನು

ನನ್ನನ್ನು ಕೊಂದವನೇ ನನ್ನ ತಿಥಿಗೆ ಶಾಮಿಯಾನ ಹಾಕಿಸಿದ್ದ.

ಕುಮಾರಸ್ವಾಮಿ. ನನ್ನ ಒಡಹುಟ್ಟಿದ ಅಣ್ಣ. ಮುಳ್ಳೂರಿನಲ್ಲಿ ಅವನ ಬುಲೆಟ್ ಸದ್ದು ಕೇಳಿದರೆ ಜಗಲಿ ಮೇಲೆ ಕೂತವರು ಬೀಡಿ ಆರಿಸುತ್ತಾರೆ. ನನ್ನ ಮೊಬೈಲಿನಲ್ಲಿ ‘ಪುಷ್ಪ’ ಅಂತ ಇದ್ದ ನಂಬರಿಗೆ ಅವನು ಫೋನು ಮಾಡಿದ್ದ. ಆ ಕಡೆಯಿಂದ ಗಂಡಸಿನ ದನಿ ಬಂತು. ಅಷ್ಟೇ ಸಾಕಾಯಿತು. ನಮ್ಮದೇ ಆಲೆಮನೆಯಲ್ಲಿ, ಬೆಲ್ಲದ ಪಾಕ ಕೊತಕೊತ ಕುದಿಯುತ್ತಿದ್ದ ಕೊಪ್ಪರಿಗೆಯ ಮುಂದೆ ನನ್ನ ಜಡೆ ಹಿಡಿದು ನಿಲ್ಲಿಸಿದ.

“ಯಾರೇ ಅವ್ನು? ಎಸ್ರು ಬೊಗ್ಳು.”

ನಾನು ಹೇಳಲಿಲ್ಲ. ಹಲ್ಲು ಉದುರಿತು, ಹೇಳಲಿಲ್ಲ. ಬೆರಳು ಮುರಿಯಿತು, ಹೇಳಲಿಲ್ಲ. ಆಮೇಲೆ ತಳ್ಳಿದ. ಪಾಕಕ್ಕೆ ಬಿದ್ದವರು ಕೂಗೋಣ ಅಂತ ಬಾಯಿ ತೆರೆದರೆ ಬಾಯಿಯೇ ತುಂಬಿಕೊಳ್ಳುತ್ತದೆ. ಪೊಲೀಸರು ಬಂದಾಗ ನಮ್ಮವ್ವ ಶಿವರತ್ನಮ್ಮ ಅವನು ಹೇಳಿಕೊಟ್ಟಿದ್ದನ್ನೇ ಹೇಳಿದಳು: “ಕಾಲ್ ಜಾರ್ತು ಸಾ.” ಅವತ್ತಿನಿಂದ ಅವ್ವ ಬೇರೆ ಮಾತು ಆಡಿಲ್ಲ.

ತಿಥಿಯ ದಿನ ಸತ್ತವರು ಎಡೆಗೆ ಬರುತ್ತಾರೆ ಅನ್ನುತ್ತಾರಲ್ಲ, ಅದು ನಿಜ. ನಾನು ಬಂದೆ. ಬಾಳೆಲೆಯಲ್ಲಿ ಒಬ್ಬಟ್ಟು ಇಟ್ಟಿದ್ದರು, ರತ್ನಳಿಗೆ, ಅಂದರೆ ನನಗೆ, ಇಷ್ಟ ಅಂತ. ಬೆಲ್ಲದ ವಾಸನೆಗೆ ಹಿಂದೆ ಸರಿದೆ.

ಮಧ್ಯಾಹ್ನದ ಊಟ ಮುಗಿದಿತ್ತು. ಪ್ಲಾಸ್ಟಿಕ್ ಕುರ್ಚಿಗಳ ಮುಂದೆ, ಚಾಪೆಯ ಮೇಲೆ ಕಥೆ ಹೇಳುವ ಚಿಕ್ಕಮಾದಪ್ಪ ತಂಬೂರಿ ಇಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ತಾಳ ಹಿಡಿದು ಕಥೆಗೆ ಹೂಂಗುಟ್ಟುವವನು ಶಾಗ್ಯ ಊರಿನ ಮಾದೇಶ. ಅವನೇ ನನ್ನ ‘ಪುಷ್ಪ’. ಅವನು ಅಲ್ಲಿ ಯಾಕೆ ಬಂದನೋ! ಹುಲಿ ಬಾಯಿಗೆ ತಲೆ ಕೊಡುವುದಕ್ಕೆ ಬಂದನೋ, ನನ್ನ ಎಡೆ ನೋಡುವುದಕ್ಕೆ ಬಂದನೋ. ಕಣ್ಣು ಕೆಂಪಗಿತ್ತು. ತಾಳದ ದಾರವನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ನೀಲಿಯಾಗಿತ್ತು.

“ಕೆಂಡಗಣ್ಣಮ್ಮುನ್ ಕತೆ ಏಳು,” ಅಂದ ಅಣ್ಣ.

ಚಿಕ್ಕಮಾದಪ್ಪ ತಂಬೂರಿ ಕೆಳಗಿಟ್ಟ. “ಬ್ಯಾಡಿ ಬುದ್ದೀ. ತಿಥೀಲಿ ಕೆಟ್ ಎಂಗ್ಸಿನ ಕತೆ ಏಳ್ಬಾರ್ದು. ಎಡೆಗ್ ಬಂದ ಜೀವ ಕತೆ ಒಳಗೆ ಸಿಕ್ಕಾಕತದೆ.”

“ಸಿಕ್ಕಾಕಳ್ಲಿ. ಈ ಬೀದಿ ಎಣ್ಣೈಕ್ಳೆಲ್ಲ ಕೂತು ಕೇಳ್ಬೇಕು. ಉಂಡಿದ್ದೀಯಲ್ಲ, ಏಳು.”

ಆ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಕೆಂಡಗಣ್ಣಮ್ಮ ಪಾಳೇಗಾರನ ತಂಗಿ. ಅತ್ತಿಗೆ ಸಂಪಗವ್ವ ದೇವರಂಥವಳು, ಇವಳಿಗೆ ಹೊಟ್ಟೆಕಿಚ್ಚು. ಅತ್ತಿಗೆಯ ಹಾಲಿಗೆ ವಿಷ ಬೆರೆಸುತ್ತಾಳೆ. ಕೊನೆಗೆ ಅಣ್ಣ ಅವಳನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ತಳ್ಳುತ್ತಾನೆ. ಜನ ಚಪ್ಪಾಳೆ ತಟ್ಟುತ್ತಾರೆ. ಚಿಕ್ಕವಳಿದ್ದಾಗ ನಾನೂ ತಟ್ಟಿದ್ದೆ. ಪಕ್ಕದಲ್ಲೇ ನಮ್ಮಣ್ಣ ಕೂತಿದ್ದ. ನಾನು ಕಥೆ ಕೇಳಿದೆ, ಅವನು ಕಸುಬು ಕಲಿತ.

ತಂಬೂರಿ ಮಿಡಿಯಿತು. “ಕೆಂಡಗಣ್ಣಮ್ಮ ಕಣ್ಣು ಬಿಟ್ಟಳು,” ಅಂದ ಚಿಕ್ಕಮಾದಪ್ಪ.

“ಹೂಂ,” ಅಂದ ಮಾದೇಶ.

ನಾನು ಕಣ್ಣು ಬಿಟ್ಟೆ. ಮೈಮೇಲೆ ಕೆಂಪು ರೇಷ್ಮೆ, ಮೊಣಕೈವರೆಗೆ ಕಡಗ. ಕಂಚಿನ ಕನ್ನಡಿಯಲ್ಲಿ ಯಾವಳೋ ಚೆಲುವೆ, ಉರಿಯುವ ಕಣ್ಣು. ಕೈ ಎತ್ತಿದೆ, ಅವಳೂ ಎತ್ತಿದಳು. ಅಯ್ಯೋ, ಇವಳೇ! ಎದುರಿಗೆ ಹಾಲಿನ ಬಟ್ಟಲು, ಸೊಂಟದಲ್ಲಿ ವಿಷದ ಪೊಟ್ಟಣ. ಆಚೆ ಅಂಗಳದಲ್ಲಿ ಕೊಪ್ಪರಿಗೆ. ಇನ್ನೂ ಖಾಲಿ.

ಮತ್ತೊಂದು ಸಲ ಬೇಯುವುದಕ್ಕೆ ನಾನು ಹುಟ್ಟಿದ್ದೆ.

ಪೊಟ್ಟಣ ಎಸೆದುಬಿಡೋಣ ಅಂತ ಬಿಚ್ಚಿದೆ. ಆಕಾಶದಿಂದ ಚಿಕ್ಕಮಾದಪ್ಪನ ದನಿ ಬಂತು: “ಹಾಲಿಗೆ ವಿಷ ಬೆರೆಸಿದಳು.” ಕೈ ಅಲುಗಲಿಲ್ಲ. ಎಸೆಯಲೂ ಆಗಲಿಲ್ಲ, ಸುರಿಯಲೂ ಇಲ್ಲ. ಅಷ್ಟರಲ್ಲಿ, “ಹೂಂ.” ನನ್ನ ಕೈ ತಾನಾಗಿ ಹಾಲಿಗೆ ಸುರಿಯಿತು.

“ನೋಡಿದ ದಾಸಿಯ ನಾಲಿಗೆ ಕತ್ತರಿಸಿದಳು.”

ಬೇಡ, ಬೇಡ ಕಣೋ ಅಂತ ಕಿರುಚಿದೆ.

“ಹೂಂ.”

ಆ ಹುಡುಗಿಯ ಕೆನ್ನೆ ಅದುಮಿ ಹಿಡಿದದ್ದು ನನ್ನ ಎಡಗೈ. ಚೂರಿ ಎಳೆದದ್ದು ಬಲಗೈ. ಬಿಸಿ ರಕ್ತ ಮುಖಕ್ಕೆ ಹಾರಿತು. ಹುಡುಗಿ ನನ್ನನ್ನು ನೋಡಿದ ನೋಟ ಇದೆಯಲ್ಲ, ಅದನ್ನು ನಾನು ಆಲೆಮನೆಯಲ್ಲಿ ನಮ್ಮಣ್ಣನ ಕಡೆ ನೋಡಿದ್ದೆ.

ಆಗ ಗೊತ್ತಾಯಿತು. ಹೇಳುವವನು ಹೇಳಿದರೆ ಸಾಲದು, ಕೇಳುವವನು ಹೂಂ ಅನ್ನಬೇಕು. ಹೂಂ ಇಲ್ಲದ ಕಥೆ ಒಂದು ಹೆಜ್ಜೆ ಎತ್ತಿಡುವುದಿಲ್ಲ. ನನ್ನ ಕೈಯಿಂದ ಕೊಲೆ ಮಾಡಿಸುತ್ತಿದ್ದದ್ದು ಮಾದೇಶನ ದನಿ. ಅದೇ ದನಿಗೆ ನಾನು ಸೋತಿದ್ದೆ. ಕಥೆಯಿಲ್ಲದ ತಿಂಗಳುಗಳಲ್ಲಿ ಆಲೆಮನೆಯ ಒಲೆಗೆ ಕಬ್ಬಿನ ಸಿಪ್ಪೆ ಹಾಕುವ ಆಳುಗಳಲ್ಲಿ ಒಬ್ಬನಾಗಿ ಬಂದಿದ್ದ. ನಾನು ಏನು ಹೇಳಿದರೂ ಹೂಂ ಅನ್ನುತ್ತಿದ್ದ. “ಬಿಳಿಗಿರಿರಂಗನ ಬೆಟ್ಟಕ್ಕೆ ಓಗವಾ?” “ಹೂಂ.” “ಹುಲಿ ಬಂದ್ರೆ?” “ಹೂಂ.” “ಏನೋ ಹೂಂ, ಹುಲೀಗೂ ಹೂಂ ಅಂದೀಯಾ?” “ನೀ ಏಳುದ್ರೆ ಅಂತೀನಿ.” ನಮ್ಮ ಮನೆಯಲ್ಲಿ ನನ್ನ ಮಾತಿಗೆ ಹೂಂ ಅಂದವರೇ ಇರಲಿಲ್ಲ. ಬಾಯಿ ಮುಚ್ಚು ಅಂದವರೇ ಎಲ್ಲ.

ಕಥೆ ಓಡಿತು. ಸಂಪಗವ್ವ ಹಾಲು ಕುಡಿದು ರಕ್ತ ಕಾರಿದಳು. ಅಂಗಳದ ಕೊಪ್ಪರಿಗೆಗೆ ಎಣ್ಣೆ ಸುರಿದರು, ಬೆಂಕಿ ಹಾಕಿದರು. ಕತ್ತಿ ಹಿರಿದುಕೊಂಡು ಪಾಳೇಗಾರ ಬಂದ.

ಒಂದು ದಾರಿ ಉಳಿದಿತ್ತು. ಸಾಯುವ ಮುಂಚೆ ಕಥೆಯಲ್ಲಿ ಕೆಂಡಗಣ್ಣಮ್ಮನಿಗೆ ಒಂದು ಮಾತಿದೆ. “ಕೆಂಡಗಣ್ಣಮ್ಮ ಏನಂದಳು ಅಂದರೆ,” ಅಂತ ಚಿಕ್ಕಮಾದಪ್ಪ ಶುರುಮಾಡಿದ. ಅವಳು ಬೈಯಬೇಕಿತ್ತು. ನಾನು ಇದ್ದಬದ್ದ ಉಸಿರನ್ನೆಲ್ಲ ಆ ಮಾತಿಗೆ ತುರುಕಿದೆ. ಮುದುಕನ ಬಾಯಿಂದ ನನ್ನ ಮಾತು ಹೊರಬಿತ್ತು:

“ಪುಷ್ಪಾ, ನಿನ್ ಎಸ್ರು ನಾನು ಏಳ್ನಿಲ್ಲ ಕಣೋ.”

ತಾಳ ನಿಂತಿತು.

“ಅಣ್ಣ ಅವಳ ಜಡೆ ಹಿಡಿದು ಕೊಪ್ಪರಿಗೆಗೆ ಎಳೆದ,” ಅಂದ ಚಿಕ್ಕಮಾದಪ್ಪ.

ಹೂಂ ಬರಲಿಲ್ಲ.

ಪಾಳೇಗಾರನ ಕೈ ನನ್ನ ಜಡೆಯ ಹತ್ತಿರ ಬಂದು ಹಾಗೇ ನಿಂತುಬಿಟ್ಟಿತು. ಎಣ್ಣೆಯ ಗುಳ್ಳೆಗಳು ಒಡೆಯದೆ ನಿಂತವು. ನಾನೂ ಅಲುಗಲಾರೆ. ಕಿವಿ ಮಾತ್ರ ಕೇಳುತ್ತಿತ್ತು.

“ಯಾಕ್ಲಾ, ಬಾಯ್ಗೆ ಮಣ್ ಬಿತ್ತಾ?” ಅಣ್ಣನ ದನಿ. “ಹೂಂ ಅನ್ನು.”

“ಅನ್ನಕಿಲ್ಲ,” ಅಂದ ಮಾದೇಶ.

“ಅನ್ನಕಿಲ್ವಾ? ಯಾಕೆ, ಅವ್ಳು ನಿಂಗೇನಾಗ್ಬೇಕ್ಲಾ?”

ಹೇಳಬೇಡ ಕಣೋ. ನಾನು ಹಲ್ಲು ಉದುರಿಸಿಕೊಂಡು ಉಳಿಸಿದ ಹೆಸರು ಅದು.

“ನೀನು ಉಡುಕ್ತಿದ್ದೋನು ನಾನೇಯ. ಮಾದೇಶ ಅಂತವ. ಶಾಗ್ಯದವ್ನು.”

ಕುರ್ಚಿಗಳು ಉರುಳಿದವು. ಯಾರೋ “ಮಚ್ಚು, ಮಚ್ಚು!” ಅಂತ ಕೂಗಿದರು. ಎಳನೀರು ಕೆತ್ತಿದಂಥ ಸದ್ದು. ಒಂದು ಸಲ. ಇನ್ನೊಂದು ಸಲ. ತಾಳ ನೆಲಕ್ಕೆ ಬಿದ್ದು ಝಣ್ ಅಂದಿತು. ಮಾದೇಶ ಅಯ್ಯೋ ಅನ್ನಲಿಲ್ಲ.

“ಅನ್ಲಾ ಹೂಂ!”

“ಸತ್ರೂ ಅನ್ನಕಿಲ್ಲ.”

“ಬುದ್ದೀ, ಬುಡಿ, ಕತೆ ನಿಂತೋಗದೆ, ಬುಟ್ಬುಡಿ,” ಚಿಕ್ಕಮಾದಪ್ಪ ಅಳುತ್ತಿದ್ದ.

“ನಿಂತೋದ್ರೆ ನಾನ್ ನಡೆಸ್ತೀನಿ. ಇವ್ನು ಯಾವನು ಹೂಂ ಅನ್ನಕೆ? ನಾನ್ ಅಂತೀನಿ. ಹೂಂ! ಎಳಿ ಅವಳ್ನ. ಹೂಂ! ಮುಂದಕ್ಕೆ ಏಳು!”

ಗುಳ್ಳೆಗಳು ಒಡೆದವು. ಜಡೆ ಬಿಗಿಯಿತು. ತಿರುಗಿ ನೋಡಿದರೆ ಪಾಳೇಗಾರನ ಕಿರೀಟದ ಕೆಳಗೆ ಕುಮಾರಸ್ವಾಮಿಯ ಮುಖ. ಹೂಂ ಅಂದವನು ಕಥೆಗೆ ಬಂದೇಬಿಟ್ಟಿದ್ದ. ಅದೇ ಹಿಡಿತ, ಅದೇ ಹೊಗೆಸೊಪ್ಪಿನ ವಾಸನೆ. ಕೊಪ್ಪರಿಗೆಯ ಅಂಚಿಗೆ ನನ್ನ ಮುಖ ಒತ್ತಿದ. ರೆಪ್ಪೆಯ ಕೂದಲು ಸುಟ್ಟು ಸುರುಟಿತು.

“ಮುಂದಕ್ಕೆ ಏಳ್ಲಾ!” ಮೇಲೆ ಶಾಮಿಯಾನದಲ್ಲಿ ಕೂಗುತ್ತಿದ್ದವನೂ ಅವನೇ.

ಚಿಕ್ಕಮಾದಪ್ಪನಿಗೆ ಬಾಯಿ ಬರಲಿಲ್ಲ. ಆ ಬಾಯಿಯನ್ನು ನಾನು ತೆಗೆದುಕೊಂಡೆ. ರಾಗವಾಗಿ, ಕಥೆಯ ಧಾಟಿಯಲ್ಲೇ, ಒಂದಕ್ಷರ ತಪ್ಪದೆ:

“ಎಳೆಯುತ್ತಿದ್ದ ಅಣ್ಣನ ಕಾಲು ಜಾರಿತು.”

ಅವನು ಕೇಳಿಸಿಕೊಳ್ಳಲೇ ಇಲ್ಲ. ನನ್ನ ಮಾತನ್ನು ಅವನು ಯಾವತ್ತು ಕೇಳಿಸಿಕೊಂಡಿದ್ದ?

“ಹೂಂ! ಹೂಂ!” ಅಂದ.

ಜಾರಿತು. ನನ್ನ ಜಡೆ ಬಿಟ್ಟು ಗಾಳಿ ಹಿಡಿದ. ತಲೆ ಕೆಳಗಾಗಿ ಬಿದ್ದ. ಎಣ್ಣೆ ಉಕ್ಕಿ ನನ್ನ ಪಾದ ಬೆಂದಿತು, ಕದಲಲಿಲ್ಲ. ಅವನ ಕೈಯೊಂದು ಮೇಲೆ ಬಂದು ಅಂಚು ತಡಕಿತು. ಅವನ ಎರಡನೇ ಹೂಂ ಇನ್ನೂ ಉಳಿದಿತ್ತು. ನಾನು ಕೆಳಗೆ ಬಿದ್ದಿದ್ದ ಪಾಳೇಗಾರನ ಕತ್ತಿ ಎತ್ತಿಕೊಂಡು ಅದರ ಹಿಡಿಯಿಂದ ಬೆರಳುಗಳನ್ನು ಒಂದೊಂದಾಗಿ ಜಜ್ಜಿದೆ. ಕೆಟ್ಟವಳು ತಾನೇ? ಸರಿ, ಕೆಟ್ಟವಳೇ.

ಮೇಲೆ ಹಾಹಾಕಾರ. “ಬೆಂಕಿಯೇ ಇಲ್ವಲ್ಲೋ, ಮೈ ಎಂಗ್ಲಾ ಬೇಯ್ತಾ ಅದೆ? ನೀರಾಕ್ರೋ!” “ಶಿವರತ್ನಕ್ಕಾ, ನಿನ್ ಮಗಂಗೆ ಏನಾಯ್ತಕ್ಕಾ?”

ಅವ್ವನ ದನಿ ನಿಧಾನವಾಗಿ ಬಂತು. “ಕಾಲ್ ಜಾರ್ತು.”

ಆಮೇಲೆ ಗದ್ದಲದ ಅಡಿಯಲ್ಲಿ ಒಂದು ಉಸಿರು ಕೇಳಿಸಿತು. ಗೊರಗೊರ ಅನ್ನುವ ಉಸಿರು. ಮಾದೇಶ. ಮುದುಕನ ಬಾಯಿ ಇನ್ನೂ ನನ್ನ ಕೈಯಲ್ಲೇ ಇತ್ತು.

“ಮಾದೇಶನ ರಕ್ತ ನಿಂತಿತು,” ಅಂದೆ. “ಹೂಂ ಅನ್ನು.”

“ಅನ್ನಕಿಲ್ಲ,” ಅಂದ. “ನಾನು ನಿನ್ ತಾವ್ಕೇ ಬತ್ತೀನಿ.”

“ಬಂದ್ರೆ ಕಾಲ್ ಮುರೀತೀನಿ.”

“ಮುರಿ.”

“ಲೋ, ನಾನೀಗ ಕೆಂಡಗಣ್ಣಮ್ಮ ಕಣೋ. ನಾಲ್ಗೆ ಕತ್ತರ್ಸಿದ್ದೀನಿ. ಏಳ್ದಂಗ್ ಕೇಳು.”

“ನೀನಿಲ್ದೆ ನಾನು ಏನ್ ಮಾಡ್ಲಿ ಇಲ್ಲಿ?”

ಶಾಮಿಯಾನದಲ್ಲಿದ್ದವರಿಗೆ ಕೇಳುತ್ತಿದ್ದದ್ದು ಇಷ್ಟೇ: ಮುದುಕನ ಬಾಯಲ್ಲಿ ಹೆಣ್ಣಿನ ಮಾತು, ರಕ್ತದ ಮಡುವಿನಲ್ಲಿ ಬಿದ್ದವನ ಉತ್ತರ.

“ನೀನು ಸತ್ರೆ ನಂಗೆ ಹೂಂ ಅನ್ನೋರು ಯಾರೋ? ನಾನು ಇಲ್ಲಿ ಇನ್ನೊಬ್ಬನ ಹೂಂಗೆ ಕಾಯ್ಕಂಡು ಕೂರ್ಬೇಕಾ? ಇನ್ನೊಬ್ಬ ಹೂಂ ಅಂದ ಅಂದ್ರೆ ಮತ್ತೆ ಬೇಯ್ಬೇಕು ನಾನು. ಬದುಕು. ಊರೂರು ತಿರುಗು. ನಾನು ಏಳ್ತೀನಿ, ನೀನು ಅನ್ನು.”

ಅಂಗಳದ ಬೆಂಕಿ, ಎಣ್ಣೆ, ನನ್ನ ರೇಷ್ಮೆಯ ಸೆರಗು ಎಲ್ಲ ನಿಂತಲ್ಲೇ ನಿಂತಿದ್ದವು.

“ಹೂಂ,” ಅಂದ.

ಸೆರಗು ಗಾಳಿಗೆ ಅಲುಗಿತು. ಮೇಲೆ ಗೊರಗೊರ ಹೋಗಿ ಅವನ ಉಸಿರು ಸರಾಗವಾಯಿತು. ಒಳಗೆ ಸಂಪಗವ್ವ ಇನ್ನೂ ಗುಟುಕು ಜೀವ ಹಿಡಿದಿದ್ದಳು, ನಾಲಿಗೆಯಿಲ್ಲದ ಹುಡುಗಿ ಮೂಲೆಯಲ್ಲಿ ನಡುಗುತ್ತಿದ್ದಳು. ಕತ್ತಿ ಕೆಳಗಿಟ್ಟೆ. ಮೊದಲು ಅವರಿಬ್ಬರು ಉಳಿಯುವ ಮಾತು ಹೇಳಬೇಕು. ಆಮೇಲೆ ನನ್ನದು.

“ಕೇಳ್ತಿದ್ದೀಯೇನೋ?” ಅಂದೆ.

“ಹೂಂ.”