ಅಜ್ಜ ಹೇಳಿದ್ದೇ ಅರ್ಥ

ನಮ್ಮ ನಿಘಂಟು ಕಚೇರಿಯಲ್ಲಿ ಒಂದು ಕಟ್ಟಳೆಯಿತ್ತು. ಇಂಗ್ಲಿಷ್ ಮಾತಿನ ಪ್ರತಿ ಅರ್ಥವನ್ನೂ ತುಟಿ ಪಿಟಕ್ಕೆನ್ನದೆ ಅಭಿನಯಿಸಿ ತೋರಿಸಬೇಕು. ಅಚ್ಚುಮೊಳೆ ಜೋಡಿಸುವ ಅಜ್ಜನಿಗೆ ಇಂಗ್ಲಿಷಿನ ಗಂಧಗಾಳಿಯಿಲ್ಲ. ಅವರು ನೋಡಿ ಕನ್ನಡದಲ್ಲಿ ಏನೆನ್ನುತ್ತಾರೋ ಅದೇ ಅಚ್ಚಾಗುತ್ತದೆ. ಅವರಿಗೆ ತಿಳಿಯದಿದ್ದರೆ ಅರ್ಥ ಬಿದ್ದುಹೋಯಿತು.

ನಾನಿನ್ನೂ ಹೊಸಬಳು. ‘ಟೇಕ್ ಆಫ್’ ನನ್ನ ಪಾಲಿಗೆ ಬಂದಿತ್ತು. ನಾಲ್ಕೂ ಅರ್ಥ ಗೆದ್ದರೆ ಕೆಲಸ ಕಾಯಂ. ಒಂದು ಬಿದ್ದರೂ ಮನೆಯ ದಾರಿ.

ಮೊದಲನೆಯದು ಎಲ್ಲಕ್ಕಿಂತ ಹಳೆಯದು. ಸ್ವೆಟರ್ ಕಳಚಿದೆ.

“ಬಿಚ್ಚೋದು,” ಎಂದರು ಅಜ್ಜ.

ಬ್ಯಾಗ್ ಎತ್ತಿಕೊಂಡು ಬಾಗಿಲಾಚೆ ಓಡಿದೆ.

“ಕಾಲ್ಕೀಳೋದು!”

ಮೇಷ್ಟ್ರು, ಅಂದರೆ ನಮ್ಮ ಸಂಪಾದಕರು, ಬರೆದುಕೊಂಡರು. ತೋಳುಗಳನ್ನು ರೆಕ್ಕೆ ಮಾಡಿ ಮೇಜುಗಳ ನಡುವೆ ಓಡಿ ಸ್ಟೂಲಿನ ಮೇಲೆ ಹಾರಿದೆ. ಕಾಗದದ ಕಟ್ಟು ದೊಪ್ಪೆಂದಿತು.

“ವಿಮಾನ ಮೇಲೆದ್ದಿದ್ದು ಗೊತ್ತಾಯ್ತು ತಾಯಿ, ಇಳಿ!” ಎಂದರು ಅಜ್ಜ.

ಉಳಿದದ್ದು, ಒಬ್ಬರ ಹಾವಭಾವವನ್ನು ಅಣಕಿಸುವುದು. ವಿಮಾನ ಹುಟ್ಟುವ ಎಷ್ಟೋ ಮೊದಲೇ ಇಂಗ್ಲಿಷರು ‘ಟೇಕ್ ಆಫ್’ ಎಂದು ಒಬ್ಬರನ್ನೊಬ್ಬರು ಅಣಕಿಸುತ್ತಿದ್ದರು. ನಾನು ಯಾರನ್ನು ಅಣಕಿಸಲಿ? ಅಜ್ಜನಿಗೆ ಥಟ್ಟನೆ ಗುರುತು ಸಿಗಬೇಕು. ಅಂಥವರು ಮೇಷ್ಟ್ರು ಒಬ್ಬರೇ.

ಹೊಟ್ಟೆ ಮುಂದೆ ತಳ್ಳಿದೆ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದೆ. ಕಿವಿಗೆ ಸಿಕ್ಕಿಸಿಕೊಂಡ ಪೆನ್ಸಿಲ್ಲನ್ನೇ ಮೇಜೆಲ್ಲ ತಡಕಾಡಿ, ಸಿಗದೆ, ಟೈಪಿಸ್ಟ್ ಅಕ್ಕನನ್ನು ದುರುಗುಟ್ಟಿದೆ. ಅಕ್ಕ ಏನೋ ಬೀಳಿಸಿಕೊಂಡವರಂತೆ ಮೇಜಿನ ಕೆಳಗೆ ಬಗ್ಗಿದವರು ಮೇಲೇಳಲೇ ಇಲ್ಲ.

ಅಜ್ಜ ಬಿಮ್ಮನೆ ಕುಳಿತರು. “ನಂಗೇನೂ ಗೊತ್ತಾಗ್ಲಿಲ್ಲ ಸ್ವಾಮಿ.”

“ಗೊತ್ತಾಗ್ಲಿಲ್ವಾ?” ಮೇಷ್ಟ್ರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. “ಹಾಗಾದ್ರೆ ಈ ಹುಡುಗಿ ನಾಳೆಯಿಂದ ಬರೋದು ಬೇಡ.”

ಅಜ್ಜ ನನ್ನನ್ನು ನೋಡಿದರು, ಮೇಷ್ಟ್ರನ್ನು ನೋಡಿದರು. “ನಲವತ್ತು ವರ್ಷ ನಿಮ್ಮ ಅನ್ನ ತಿಂದಿದೀನಿ...”

“ಅನ್ನದ ಮಾತು ಬಿಡಿ. ಅರ್ಥ ಹೇಳಿ.”

“ನಿಮ್ಮನ್ನೇ ಅಣಕಿಸ್ತಿದಾಳೆ ಸ್ವಾಮಿ! ಥೇಟ್ ನೀವೇ! ಆ ಹೊಟ್ಟೆ!”

ಹೇಳಿದ್ದೇ ತಡ, ಅಜ್ಜ ಬಿದ್ದು ಬಿದ್ದು ನಕ್ಕರು. ಮೊಳೆಗಳ ಪೆಟ್ಟಿಗೆ ಗಲಗಲ ಎಂದಿತು. ಮೇಜಿನ ಕೆಳಗಿನಿಂದ ಅಕ್ಕ ಕಿರುಚಿದರು. ಮೇಷ್ಟ್ರೇ ಕಣ್ಣೊರೆಸಿಕೊಳ್ಳುತ್ತಿದ್ದರು. ನನಗೆ ನಿಲ್ಲಲಾಗಲಿಲ್ಲ, ನೆಲದ ಮೇಲೇ ಕುಳಿತೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ನಿಲ್ಲಿಸುವುದು ಹೇಗೆಂದೇ ತಿಳಿಯಲಿಲ್ಲ.

“ಏಳಮ್ಮ, ಕಾಯಂ ಆಯ್ತು,” ಎಂದರು ಮೇಷ್ಟ್ರು. “ನಾಳೆ ‘ಪುಟ್ ಅಪ್’. ಹನ್ನೆರಡು ಅರ್ಥ ಇದೆ. ಗಟ್ಟಿಯಾಗಿ ತಿಂಡಿ ತಿಂದ್ಕೊಂಡು ಬಾ.”