ಹತ್ತು ಸಾವಿರದ ಮೇಲೊಂದು

ತಾಮ್ರದ ಚೊಂಬಿನ ನೀರಲ್ಲಿ ಆ ಒಂದು ಬಿಲ್ವ, ಮೂರೆಸಳು, ನಡುವಿನದು ಸ್ವಲ್ಪ ಬಾಡಿದ ಹಾಗೆ — ಬಾಡಿಲ್ಲ, ಪವಿತ್ರಳ ಕಣ್ಣೇ ಸೋತಿದೆ, ಬೆಳಗಿನಿಂದ ಬಾಳೆನಾರಿನ ಕಟ್ಟು ಬಿಚ್ಚಿ ಬಿಚ್ಚಿ ಅತ್ತೆಯ ಕೈಗೆ ಕೊಡುತ್ತಿದ್ದಾಳೆ, ಕಟ್ಟೊಂದಕ್ಕೆ ನೂರು ಬಿಲ್ವ, ಅಂಥವು ನೂರು ಕಟ್ಟು, ಮೇಲೆ ಚೊಂಬಿನದು ಒಂದು, ಹತ್ತು ಸಾವಿರದ ಒಂದು. ಅತ್ತೆ ಚನ್ನಾಜಮ್ಮ ಒಂದೊಂದೇ ಲಿಂಗದ ಮೇಲೆ ಏರಿಸುತ್ತಾರೆ. ಹತ್ತು ಸಾವಿರದ ಒಂದು ಎಪ್ಪತ್ತೊಂದರಲ್ಲಿ ಭಾಗ ಹೋಗುವುದಿಲ್ಲ, ಅರವತ್ತೊಂದು ಉಳಿಯುತ್ತದೆ — ಈಗ ಯಾಕೆ ಭಾಗಿಸಬೇಕು, ಆವತ್ತೇ ಮುಗಿಸಬೇಕಿತ್ತು. ಆವತ್ತು ಅಂದರೆ ಭಾವ ಮಲ್ಲಿಕಾರ್ಜುನಸ್ವಾಮಿ ಅಂಗಳದ ನಡುವೆ ಗೋಡೆ ಎತ್ತಲು ಇಟ್ಟಿಗೆ ಇಳಿಸಿದ ದಿನ, ಅಣ್ಣತಮ್ಮ ಮಾತು ಬಿಟ್ಟು ಆ ಮೂಲೆಗೊಬ್ಬರು ಈ ಮೂಲೆಗೊಬ್ಬರು, ಅತ್ತೆ ನಡುವೆ ಕೂತು, ಒಡೀದೇ ಇರೋ ಲೆಕ್ಕದಲ್ಲಿ ಬಿಲ್ವ ಏರುಸ್ತೀನಿ ಕಣ್ರಪ್ಪ, ಆಮೇಕೆ ಇಬ್ರೂ ಗ್ವಾಡೆ ಮಾತು ಎತ್ಕೂಡ್ದು. ಇಬ್ಬರೂ ತಲೆಯಾಡಿಸಿದರು. ಮುಯ್ಯಿಗೆ ನೂರೊಂದು ಅಂತ ಇಕ್ಕದು ಒಡೀಬಾರ್ದು ಅಂತ್ಲೇ ಅಲ್ವಾ, ನೀನು ಓದ್ದೋಳು, ಹತ್ತು ಸಾವ್ರದ ಒಂದು ಒಡ್ದದಾ ನೋಡ್ಬುಟ್ಟು ಯೋಳವ್ವ, ಅತ್ತೆ ಪವಿತ್ರಳ ಕಡೆ ತಿರುಗಿದರು.

ಓದಿದವಳು. ಕೊಳ್ಳೇಗಾಲದ ಸಂಜೆ ಕಾಲೇಜು, ಆಕಳಿಸುತ್ತ ಕೂತು ಬರೆದುಕೊಂಡದ್ದು, ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು, ನೂರರೊಳಗೆ ಇಪ್ಪತ್ತೈದೇ, ಎರಡು ಮೂರು ಐದು ಏಳು — ಆವತ್ತು ಅರವತ್ತೇಳಕ್ಕೆ ಬರುವಾಗ ಒಲೆಯ ಮೇಲೆ ಎಸರು ಉಕ್ಕಿತು, ಇನ್ನೆಲ್ಲಿ ಒಡೆದೀತು ಅನ್ನಿಸಿತು, ಒಡೆಯಲ್ಲ ಅತ್ತೆ ಅಂದುಬಿಟ್ಟಳು. ಈಗ ಎಪ್ಪತ್ತಮೂರು. ಎಪ್ಪತ್ತಮೂರು ನೂರ್ಲೆ ಏಳು ಸಾವಿರದ ಮುನ್ನೂರು, ಎಪ್ಪತ್ತಮೂರು ಮೂವತ್ತೇಳ್ಲೆ ಎರಡು ಸಾವಿರದ ಏಳುನೂರ ಒಂದು, ಎರಡೂ ಕೂಡಿದರೆ — ಕೈ ನಿಂತಿತು. ಇನ್ನೊಂದು ಸಲ ಕೂಡಿದಳು. ಏನೂ ಉಳಿಯುವುದಿಲ್ಲ. ನೂರ ಮೂವತ್ತೇಳರ ಎಪ್ಪತ್ತಮೂರು ಪಾಲು, ಕತ್ತರಿಸಿಟ್ಟ ಹಾಗೆ.

ಏನ್ ಲೆಕ್ಕದ್ ಮೇಡಮ್ಮು ಬೆವರ್ತಾವ್ರೆ, ಒಂದೆರಡು ಕಳ್ದೋದ್ವಾ, ಇಟ್ಟಿಗೆ ರಾಶಿಗೆ ಒರಗಿ ನಿಂತ ಭಾವ. ಸುಮ್ನಿರಣ್ಣ, ಅವ್ಳು ಬೆಳಗಿಂದ ಏನೂ ತಿಂದಿಲ್ಲ, ಈ ಮೂಲೆಯಿಂದ ಅವಳ ಗಂಡ ಶಾಂತಮೂರ್ತಿ. ಅಣ್ಣ ಅಂದ. ಇಟ್ಟಿಗೆ ಇಳಿದ ಮೇಲೆ ಇದೇ ಮೊದಲು, ಅತ್ತೆಯ ತುಟಿ ಒಂದು ಗಳಿಗೆ ನಿಂತು ಮತ್ತೆ ಅಲ್ಲಾಡುತ್ತದೆ. ಈಗ ಹೇಗೆ ಹೇಳುವುದು. ಹೇಳದೆ ಹೇಗೆ ಕೂರುವುದು. ಎರಡು ಹೆಚ್ಚು ಏರಿಸಿದರೆ, ಹತ್ತು ಸಾವಿರದ ಮೂರು — ಏಳರಲ್ಲಿ ಹೋಗುತ್ತದೆ. ಐದು, ಅದೂ ಬೇಡ. ಹತ್ತು ಸಾವಿರದ ಏಳು ಆದೀತೇನೋ, ಅದಕ್ಕೆ ಮತ್ತೆ ಎಲ್ಲದರಿಂದಲೂ ಭಾಗಿಸಬೇಕು, ತಲೆ ಓಡುವುದಿಲ್ಲ, ಅದೂ ಅಲ್ಲದೆ ಬಿಲ್ವಕ್ಕೆ ಮೂರೆಸಳು, ಎಸಳು ಎಣಿಸಿದರೆ ಎಷ್ಟು ಏರಿಸಿದರೂ ಮೂರರಲ್ಲಿ ಹೋಗಿಯೇ ಹೋಗುತ್ತದೆ, ಒಡೆಯದ್ದು ಇಲ್ಲವೇ ಇಲ್ಲ, ಮೂರನ್ನೂ ಒಂದು ತೊಟ್ಟು ಹಿಡಿದಿದೆ ಅಷ್ಟೇ — ಹಾಗಂತ ಅತ್ತೆಗೆ ಹೇಳಬಹುದಾ, ಅದು ಲೆಕ್ಕವಾ, ತಪ್ಪು ಮುಚ್ಚುವ ಮಾತಾ.

ಕಡೆಯ ಕಟ್ಟೂ ಮುಗಿದಿದೆ. ಆ ಒಂದು ಕೊಡವ್ವ, ಅತ್ತೆ ತಿರುಗದೆ ಕೈ ಚಾಚಿದರು. ಅಣ್ಣತಮ್ಮ ಇಬ್ಬರೂ ಬಾಗಿಲಿಗೆ ಬಂದಿದ್ದಾರೆ. ಪವಿತ್ರ ಚೊಂಬಿಗೆ ಕೈಹಾಕಿ ತೊಟ್ಟು ಹಿಡಿದು ಎತ್ತುತ್ತಾಳೆ, ಹಗುರ, ಏನೋ ಕಳಚಿದ ಹಾಗೆ, ಎಸಳುದುರಿದ್ದು ಏರಿಸಬಾರದು, ಅತ್ತೆಯ ಅಂಗೈ ಹಾಗೇ ಇದೆ, ತೊಟ್ಟಿನ ಆ ಕಡೆ ಒಂದು, ಈ ಕಡೆ ಒಂದು, ನಡುವಿನದು ಉದುರಿ ನೀರಿನ ಮೇಲೆ —