ಪೊರಕೆಗೆ ಸಿಗದ ಮಣಿ

ಮನೆಗೆಲಸದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ಅಪ್ಪ ಕೊಚ್ಚಿಕೊಳ್ಳುತ್ತಿದ್ದ. ಕಣ್ಣು ಕಾಣದಿದ್ದರೇನಂತೆ? ಉಪ್ಪಿನ ಡಬ್ಬಿಗೆ ಒಂದು ರಬ್ಬರ್ ಬ್ಯಾಂಡ್, ಸಕ್ಕರೆಗೆ ಎರಡು. ಹಾಲು ಉಕ್ಕುವುದು ಅವನಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು. ಹೆಂಡತಿ ನರ್ಸ್, ಅವಳು ಪಾಳಿಗೆ ಹೋದರೆ ಮನೆಯೂ ಆರು ವರ್ಷದ ಪುಟ್ಟಿಯೂ ಅವನ ಪಾಲಿಗೆ. ಇದ್ದದ್ದು ಒಂದೇ ಕಾನೂನು: ಓಡಾಡುವ ದಾರಿಯಲ್ಲಿ ಯಾರೂ ಏನೂ ಇಡಕೂಡದು. ಪುಟ್ಟಿ ಅದನ್ನು ದಿನಕ್ಕೆ ಹತ್ತು ಸಲ ಮುರಿಯುತ್ತಿದ್ದಳು. ಗುಡಿಸುವಾಗ ಪೊರಕೆಗೆ ಮಣಿಯೋ ಗೊಂಬೆಯ ಕಾಲೋ ಸಿಕ್ಕೇ ಸಿಗುತ್ತಿತ್ತು. "ಓಹೋ, ಗೊಂಬೆಗೆ ಆಪರೇಷನ್ ಆದ ಹಾಗಿದೆ" ಎಂದು ಅವನು ಪತ್ತೆ ಹಚ್ಚಿದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು.

ಆ ಸೋಮವಾರ ಬಿಸಿ ಹಾಲಿನ ಪಾತ್ರೆ ಹಿಡಿದು ಬರುವಾಗ ಕಾಲಿಗೆ ಏನೋ ತೊಡರಿತು. ಹಾಲು ಕೈಮೇಲೆ ಚೆಲ್ಲಿತು. ಏನೆಂದು ಮುಟ್ಟಿ ನೋಡುವಷ್ಟಾದರೂ ತಾಳ್ಮೆ ಬೇಡವೇ ಮನುಷ್ಯನಿಗೆ? ಬಾಯಿಗೆ ಬಂದದ್ದೆಲ್ಲ ಅಂದ. "ನೀನು ಮನೇಲಿ ಇಲ್ದಿದ್ರೇನೇ ನಂಗೆ ನೆಮ್ಮದಿ" ಎಂದೂ ಅಂದುಬಿಟ್ಟ. ಕಾಲಿಗೆ ತೊಡರಿದ್ದನ್ನು ಪುಟ್ಟಿ ಎತ್ತಿ ಮೂಲೆಗಿಟ್ಟಳು.

ಸಂಜೆ ಬಂದ ಹೆಂಡತಿ, "ಅಲ್ಲ ರೀ, ಬಟ್ಟೆ ಕ್ಲಿಪ್ಪಿನ ಬುಟ್ಟೀಲಿ ಹಾಲು ಹೇಗ್ ಬಂತು?" ಎಂದಳು. ಆಗ ಅವನಿಗೆ ನೆನಪಾಯಿತು. ಬಟ್ಟೆ ಒಣಹಾಕಿ ಬರುವಾಗ ಹಾಲು ಉಕ್ಕುವ ಸದ್ದು ಕೇಳಿ, ಬುಟ್ಟಿಯನ್ನು ಅಲ್ಲೇ ನೆಲಕ್ಕಿಟ್ಟು ಓಡಿದವನು ಅವನೇ.

"ನೀನಲ್ಲ ಅಂತ ಯಾಕೆ ಹೇಳ್ಲಿಲ್ಲ ಪುಟ್ಟೀ?"

"ನಿಂಗೆ ಕೈ ಉರೀತಿತ್ತಲ್ಲಪ್ಪಾ."

ತಪ್ಪು ನನ್ನದು ಎಂದು ಅವನು ಅವಳ ಕೈ ಹಿಡಿದುಕೊಂಡ. "ಪರವಾಗಿಲ್ಲಪ್ಪಾ" ಎಂದಳು, ದೊಡ್ಡವರ ಹಾಗೆ.

ಮರುದಿನದಿಂದ ಪೊರಕೆ ಆ ಗೋಡೆಯಿಂದ ಈ ಗೋಡೆಯವರೆಗೆ ಸರಾಗವಾಗಿ ಓಡಾಡಿತು. ಅವಳ ಸದ್ದೂ ಇಲ್ಲ.

"ಆಟ ಆಡಲ್ವೇನೇ?"

"ಆಡ್ತಿದೀನಲ್ಲ, ಮಂಚದ ಮೇಲೆ."

ವಾರ ಕಳೆದರೂ ಅವಳು ಕೆಳಗೆ ಆಡಲಿಲ್ಲ. ಅವನಿಗೆ ತಡೆಯಲಾಗಲಿಲ್ಲ. ಆಟದ ಸಾಮಾನಿನ ಡಬ್ಬಿ ತಂದು ನಡುಮನೆಯಲ್ಲಿ ಬೋರಲು ಹಾಕಿದ. ಮಣಿಗಳು ಮೂಲೆ ಮೂಲೆಗೂ ಉರುಳಿದವು. "ಬಾರೇ, ಇಲ್ಲೇ ಆಡು. ಎಡವಿದ್ರೆ ಎಡವ್ತೀನಿ!"

ಪುಟ್ಟಿ ಓಡಿ ಬಂದಳು. ಅವನ ಮುಖ ಅರಳಿತು.

"ಅಪ್ಪಾ, ಅಲ್ಲಾಡಬೇಡ, ಅಲ್ಲೇ ನಿಂತ್ಕೋ. ಎಲ್ಲಾ ಎತ್ತಿಟ್ಟು ಹೇಳ್ತೀನಿ, ಆಮೇಲೆ ನಡಿ."

ಒಂದೊಂದೇ ಮಣಿ ಡಬ್ಬಿಗೆ ಬೀಳುವುದನ್ನು ಕೇಳುತ್ತಾ ಅವನು ನಿಂತ. ಒಂದಾದರೂ ಉಳಿಯಲಿ ಎಂದು ಆಸೆಪಟ್ಟ. ಮರುದಿನ ಬೆಳಿಗ್ಗೆ ಎರಡು ಸಲ ಗುಡಿಸಿದ. ಪೊರಕೆಗೆ ಏನೂ ಸಿಗಲಿಲ್ಲ.